ಒಂದೇ ಸಾಲಿನ ಶ್ರದ್ಧಾಂಜಲಿ

ಮಾನ್ಯರೆ,

ನಿಧನ ವಾರ್ತೆಯಲ್ಲಿ ಹೆಂಗಸರ ಬಗ್ಗೆ ಸಾಮಾನ್ಯವಾಗಿ ಬರುವುದು ಇಷ್ಟೇ: ‘ಚರ್ಚ್ ಸೇವೆಯಲ್ಲಿ ತೊಡಗಿದ್ದರು. ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ಏನು ಸೇವೆ ಅಂತ ಯಾರೂ ಬರೆಯುವುದಿಲ್ಲ.

ಈಚೆಗೆ ತೀರಿಕೊಂಡ ನಮ್ಮ ದೊಡ್ಡಮ್ಮ ನರ್ಸ್ ಆಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು, ಮಕ್ಕಳ ತಲೆ ಬಾಚಿ ಶಾಲೆಗೆ ಕಳಿಸಿ, ಆಮೇಲೆ ಮಲಗುತ್ತಿದ್ದರು. ಭಾನುವಾರ ಸಂಡೇ ಸ್ಕೂಲಿನಲ್ಲಿ ಅಳುವ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡೇ ಪಾಠ ಹೇಳುತ್ತಿದ್ದರು. ಸ್ವಲ್ಪ ಸಿಡುಕಿಯೂ ಹೌದು. ಗಾಯನ ತಂಡದಲ್ಲಿ ಯಾರಾದರೂ ಅಪಸ್ವರ ತೆಗೆದರೆ ತಿರುಗಿ ನೋಡದೆ ಬಿಡುತ್ತಿರಲಿಲ್ಲ! ಕಾಯಿಲೆ ಬಿದ್ದವರ ಮನೆಗೆ ಮೊದಲು ಹೋಗುತ್ತಿದ್ದವರೂ ಅವರೇ. ಪ್ರಾರ್ಥನೆಗಿಂತ ಮುಂಚೆ ಮಾತ್ರೆ ತಗೊಂಡ್ರಾ ಅಂತ ವಿಚಾರಿಸುತ್ತಿದ್ದರು.

ಬೈಬಲ್‌ನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಯೊಪ್ಪ ಊರಿನ ತಬಿಥಾ ಎಂಬ ಹೆಂಗಸು ಸತ್ತಾಗ, ವಿಧವೆಯರು ಅಳುತ್ತಾ ಆಕೆ ಮಾಡಿಕೊಟ್ಟ ಬಟ್ಟೆಗಳನ್ನೇ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸುತ್ತಾರೆ. ನಾವು ಮಾತ್ರ ಮೊಮ್ಮಕ್ಕಳ ಲೆಕ್ಕ ಕೊಟ್ಟು ಸುಮ್ಮನಾಗುತ್ತೇವೆ.

ಪತ್ರಿಕೆಯಲ್ಲಿ ಜಾಗ ಕಡಿಮೆ, ನಿಜ. ಆದರೂ ಮನೆಯವರು ಸಂಬಂಧಿಕರ ಪಟ್ಟಿ ಮೊಟಕು ಮಾಡಿ, ಆಕೆ ಮಾಡಿದ ಕೆಲಸದ ಬಗ್ಗೆ ಎರಡು ಸಾಲು ಬರೆದು ಕಳಿಸಲಿ. ನೀವೂ ಅದನ್ನು ಕತ್ತರಿಸದೆ ಹಾಕಿ.

– ಒಬ್ಬ ಓದುಗ