ಸೋಮವಾರದ ಹೊಟ್ಟೆನೋವನ್ನು ನೆಪವೆನ್ನುವ ಮುನ್ನ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯ ರಜಾ ಅರ್ಜಿಗಳನ್ನು ತಿರುವಿ ಹಾಕಿದರೆ, ಒಂದೇ ಮಗುವಿನ ಹೆಸರಿನಲ್ಲಿ ‘ಹೊಟ್ಟೆನೋವು’ ಎಂಬ ಕಾರಣ ಮತ್ತೆ ಮತ್ತೆ, ಅದೂ ಸೋಮವಾರ ಅಥವಾ ಕಿರುಪರೀಕ್ಷೆಯ ದಿನವೇ ಕಾಣಿಸಿಕೊಳ್ಳುವುದುಂಟು. ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಮುಲುಗುತ್ತಿದ್ದ ಹುಡುಗ ಬಸ್ಸು ಹೋದ ಮೇಲೆ ಗಂಜಿ ಕುಡಿದು ಚೇತರಿಸಿಕೊಂಡರೆ, ಮನೆಯವರು ಅದನ್ನು ನಾಟಕವೆಂದು ತೀರ್ಮಾನಿಸುತ್ತಾರೆ. ಆದರೆ ಆತಂಕದಿಂದ ಬರುವ ನೋವು ನಿಜವಾದ ನೋವೇ. ಭಯದ ಕಾರಣ ದೂರವಾದಾಗ ಅದು ಇಳಿಯುವುದು ಸಹಜ.

ಖಿನ್ನತೆಯ ವಿಷಯದಲ್ಲಿ ಇನ್ನೂ ಹೆಚ್ಚು ತಪ್ಪುತ್ತೇವೆ. ಖಿನ್ನತೆ ಎಂದರೆ ಅಳುತ್ತಾ ಕೂರುವುದು ಎಂದುಕೊಂಡವರಿಗೆ, ಹದಿಹರೆಯದಲ್ಲಿ ಅದು ಸಿಡುಕು, ಎದುರುತ್ತರ, ಬಾಗಿಲು ಹಾಕಿಕೊಂಡು ಮಲಗುವುದು, ಊಟ ಬಿಡುವುದು ಅಥವಾ ಮಿತಿಮೀರಿ ತಿನ್ನುವುದು ಹೀಗೆ ಪ್ರಕಟವಾಗಬಹುದೆಂಬುದು ಹೊಳೆಯುವುದಿಲ್ಲ. ಹಾಕಿ ಕೋಲನ್ನು ಕೈಬಿಡದ ನಮ್ಮ ಕೊಡಗು ಜಿಲ್ಲೆಯ ಹುಡುಗನೊಬ್ಬ ವಾರಗಟ್ಟಲೆ ಮೈದಾನದ ಕಡೆ ತಲೆ ಹಾಕದಿದ್ದರೆ, ‘ಸೊಕ್ಕು’ ಎನ್ನುವ ಮೊದಲು ಎಷ್ಟು ದಿನದಿಂದ ಹೀಗಿದ್ದಾನೆ ಎಂದು ಲೆಕ್ಕ ಹಾಕಬೇಕು. ಇಂಥ ಬದಲಾವಣೆ ಎರಡು ವಾರಕ್ಕೂ ಹೆಚ್ಚು ಕಾಲ ಬಹುತೇಕ ಪ್ರತಿದಿನವೂ ಇದ್ದು, ನಿದ್ದೆ, ಓದು, ಸ್ನೇಹಗಳಿಗೆ ಅಡ್ಡಿಯಾದರೆ ವೈದ್ಯರಿಗೆ ತೋರಿಸಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇದೇ ರೀತಿ ಮಂಕು ಕವಿಸುವುದರಿಂದ ಆ ಪರೀಕ್ಷೆಗಳೂ ಆಗಲಿ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ 7.3ರಷ್ಟು ಮಂದಿಯಲ್ಲಿ ಮಾನಸಿಕ ಅಸ್ವಸ್ಥತೆ ಕಂಡುಬಂದಿತ್ತು. ಐವತ್ತು ಮಕ್ಕಳ ತರಗತಿಯೊಂದರಲ್ಲಿ ಇದು ಸರಾಸರಿ ಮೂರು-ನಾಲ್ಕು ಮಕ್ಕಳ ಮಾತು. ಹಾಜರಿ ಪುಸ್ತಕವನ್ನು ದಿನವೂ ತೆರೆಯುವ ತರಗತಿ ಶಿಕ್ಷಕರಿಗೇ ಇದರ ಸುಳಿವು ಮೊದಲು ಸಿಗುತ್ತದೆ. ಆ ಪುಸ್ತಕವನ್ನು ಬಿಸಿಯೂಟದ ಲೆಕ್ಕಕ್ಕಷ್ಟೇ ಬಳಸುವುದು ನಷ್ಟವೇ ಸರಿ.

‘ಬದುಕು ಬೇಡ’ ಎಂಬ ಮಾತು ಮಗುವಿನ ಬಾಯಿಂದ ಬಂದರೆ ಗದರಬಾರದು, ಒಂಟಿಯಾಗಿ ಬಿಡಲೂಬಾರದು. ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ತೋಟದ ಮನೆಗಳಲ್ಲಿರುವವರು, ಕ್ರಿಮಿನಾಶಕ ಹಾಗೂ ಕೋವಿ ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡುವುದು ಅಂಥ ಹೊತ್ತಿನಲ್ಲಿ ತೀರಾ ಅಗತ್ಯ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ, ಹಗಲಿರುಳೂ ಲಭ್ಯವಿದ್ದು ಕನ್ನಡದಲ್ಲೇ ಮಾತನಾಡಬಹುದು. ಆದರೆ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ನಮ್ಮ ಹಳ್ಳಿಗಳಿಗೆ ಫೋನ್ ಸಂಖ್ಯೆಯೊಂದೇ ಸಾಲದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ದಿನ ಮತ್ತು ಸಮಯವನ್ನು ಪ್ರತಿ ಪ್ರೌಢಶಾಲೆ, ಪದವಿಪೂರ್ವ ಕಾಲೇಜು ಹಾಗೂ ಹಾಸ್ಟೆಲ್‌ಗಳ ಸೂಚನಾ ಫಲಕದಲ್ಲಿ ಬರೆಯಿಸಲು, ಜೂನ್‌ ತಿಂಗಳ ಪೋಷಕರ ಸಭೆಯಲ್ಲಿಯೇ ಈ ಲಕ್ಷಣಗಳನ್ನು ತಿಳಿಸಲು ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳು ಕೂಡಿ ಆದೇಶ ಹೊರಡಿಸಬೇಕೆಂದು ಈ ಮೂಲಕ ಕೋರುತ್ತೇನೆ.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಸೋಮವಾರಪೇಟೆ