ತಿಂಗಳು ಗೊತ್ತಿಲ್ಲದ ಆದಾಯ: ಯುವ ಬರಹಗಾರ್ತಿಗೆ ಒಂದು ಪತ್ರ

ಬೆಳಗಾವಿ

ಪ್ರೀತಿಯ ತಂಗಿಗೆ, ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ಜಮಖಂಡಿಯ ಶಾಲೆಯ ಕೆಲಸ ಬಿಟ್ಟು, ಅನುವಾದ, ಅಂಕಣ ಮತ್ತು ಕರಡು ತಿದ್ದುವ ಕೆಲಸಗಳನ್ನೇ ನಂಬಿಕೊಂಡು ಕಾದಂಬರಿ ಮುಗಿಸಬೇಕೆಂದು ನಿರ್ಧರಿಸಿರುವುದಾಗಿ ಬರೆದಿದ್ದೀಯ. ಕಾದಂಬರಿಯ ಬಗ್ಗೆ ಪುಟಗಟ್ಟಲೆ ಬರೆದವಳು, ಕೊನೆಯಲ್ಲಿ ಮಾತ್ರ 'ರೊಕ್ಕದ ವಿಚಾರ ಹೆಂಗೋ ಆಗತೈತಿ' ಎಂದು ಒಂದು ಸಾಲು ಸೇರಿಸಿದ್ದೀಯ. ಈ ಪತ್ರ ಆ ಒಂದು ಸಾಲಿಗೆ ಉತ್ತರ. ಕಾದಂಬರಿಯ ಮಾತು ಮುಂದಿನ ಕಾಗದಕ್ಕಿರಲಿ. ನಮ್ಮ ಭಾಗದಲ್ಲಿ ಚೆನ್ನಾಗಿ ಬರೆಯುತ್ತಿದ್ದವರು ಬರೆಯುವುದನ್ನು ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ಅವರಲ್ಲಿ ಬಹಳ ಮಂದಿಗೆ ಬರೆಯುವ ಶಕ್ತಿ ಬತ್ತಿರಲಿಲ್ಲ. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರು, ಸಾಲವಾಯಿತು, ಸಾಲ ತೀರಿಸಲು ಸಿಕ್ಕ ಕೆಲಸವನ್ನೆಲ್ಲ ಒಪ್ಪಿಕೊಳ್ಳಬೇಕಾಯಿತು, ಅಷ್ಟರಲ್ಲಿ ಬರವಣಿಗೆಯ ವರ್ಷಗಳು ಕಳೆದುಹೋದವು. ನಿನಗೆ ಹಾಗಾಗಬಾರದು ಎಂಬ ಕಾಳಜಿಯಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನಿನ್ನ ಆದಾಯದ ಸ್ವಭಾವವನ್ನು ತಿಳಿದುಕೋ. ಪತ್ರಿಕೆಯ ಗೌರವಧನ ಲೇಖನ ಅಚ್ಚಾದ ಮೇಲೆ ಬರುತ್ತದೆ, ಬರೆದು ಕೊಟ್ಟ ಮೇಲಲ್ಲ. ದೀಪಾವಳಿ ವಿಶೇಷಾಂಕಕ್ಕೆ ಶ್ರಾವಣದಲ್ಲಿ ಕಥೆ ಕಳಿಸಿದರೆ ಹಣ ಸಂಕ್ರಾಂತಿಯ ಹೊತ್ತಿಗೆ ಬಂದೀತು. ಅನುವಾದದ ಎರಡನೆಯ ಕಂತು ಪುಸ್ತಕ ಅಚ್ಚಾಗುವ ತನಕ ಪ್ರಕಾಶಕರ ಬಳಿಯೇ ಉಳಿಯುತ್ತದೆ. ಪ್ರಕಾಶಕರ ಹಣವೂ ಗ್ರಂಥಾಲಯದ ಸಗಟು ಖರೀದಿಯ ಬಿಲ್ಲಿಗೆ ಕಾದಿರುತ್ತದೆ. ಆದ್ದರಿಂದ ಒಂದು ವಹಿಯಲ್ಲಿ ಪ್ರತಿ ಕೆಲಸದ ಮುಂದೆ ಮೂರು ತಾರೀಖು ಬರೆದಿಡು: ಬರಹ ಒಪ್ಪಿಸಿದ್ದು, ಅಚ್ಚಾದದ್ದು, ಹಣ ಖಾತೆಗೆ ಜಮೆಯಾದದ್ದು. ಒಂದು ವರ್ಷ ಬರೆದಿಟ್ಟರೆ ಯಾರು ಎಷ್ಟು ತಡ ಮಾಡುತ್ತಾರೆ ಎಂಬುದು ನಿನಗೇ ತಿಳಿಯುತ್ತದೆ, ಯಾರ ಕೆಲಸವನ್ನು ಒಪ್ಪಬಾರದೆಂಬುದೂ ತಿಳಿಯುತ್ತದೆ. ಜಮೆಯಾಗದ ಹಣವನ್ನು ಆದಾಯವೆಂದು ಎಣಿಸಬೇಡ.

ಈ ಬಗೆಯ ಬದುಕು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕಬ್ಬು ಕಳಿಸಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಬಿಲ್ಲು ಕಂತು ಕಂತಾಗಿ, ತಡವಾಗಿ ಬರುವುದನ್ನು ನಿಮ್ಮ ಕೃಷ್ಣಾ ತೀರದ ಪ್ರತಿ ಮನೆಯೂ ಬಲ್ಲದು. ಆ ಮನೆಗಳಲ್ಲಿ ಸಂಸಾರ ತೂಗಿಸುವ ಹೆಣ್ಣುಮಗಳು ಬಿಲ್ಲು ಬಂದ ದಿನವೇ ಬೀಜ, ಗೊಬ್ಬರ, ಮಕ್ಕಳ ಫೀ, ವರ್ಷದ ಕಾಳು ಎಂದು ಪಾಲು ಮಾಡಿ ಎತ್ತಿಡುತ್ತಾಳೆ. ನೀನೂ ಹಾಗೆಯೇ ಮಾಡು. ಎರಡು ಬ್ಯಾಂಕ್ ಖಾತೆ ಇರಲಿ. ಬರುವ ಹಣವೆಲ್ಲ ಒಂದಕ್ಕೆ ಬರಲಿ. ತಿಂಗಳ ಮೊದಲನೆಯ ತಾರೀಖಿಗೆ ಅದರಿಂದ ಗೊತ್ತಾದ ಮೊತ್ತವನ್ನು ಮಾತ್ರ ಇನ್ನೊಂದಕ್ಕೆ ಕಳಿಸಿ, ಅದನ್ನೇ ನಿನ್ನ ಸಂಬಳವೆಂದು ತಿಳಿದು ಖರ್ಚು ಮಾಡು. ಮೊತ್ತ ಎಷ್ಟೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಕಳೆದ 12 ತಿಂಗಳಲ್ಲಿ 2,40,000 ರೂಪಾಯಿ ಜಮೆಯಾಗಿದೆ, ಅದರಲ್ಲಿ ಒಂದು ದೊಡ್ಡ ಅನುವಾದದ 60,000 ಸೇರಿದೆ ಎಂದಿಟ್ಟುಕೋ. ಆ ದೊಡ್ಡ ಮೊತ್ತ ಪ್ರತಿ ವರ್ಷ ಬರುವುದಿಲ್ಲ. ಅದನ್ನು ಬಿಟ್ಟು ಉಳಿದ 1,80,000ವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 15,000 ಆಯಿತು. ನಿನ್ನ ಸಂಬಳ ಅಷ್ಟೇ. ಬಿಟ್ಟ 60,000 ವಿಮೆಯ ಕಂತಿಗೆ ಮತ್ತು ಆಪತ್ಕಾಲದ ನಿಧಿಗೆ ಹೋಗಬೇಕು. ಕನಿಷ್ಠ 6 ತಿಂಗಳ ಮನೆಖರ್ಚು ಆ ನಿಧಿಯಲ್ಲಿ ಕೂಡುವವರೆಗೆ ಶಾಲೆಗೆ ರಾಜೀನಾಮೆ ಕೊಡಬೇಡ. ಇದನ್ನು ಸಲಹೆಗಿಂತ ಹೆಚ್ಚಾಗಿ ಆಗ್ರಹವೆಂದೇ ತಿಳಿ.

ಆ ನಿಧಿಯನ್ನು ಎಲ್ಲಿಡಬೇಕೆಂಬುದೂ ನಮ್ಮ ಸೀಮೆಯಲ್ಲಿ ಬಹಳ ಮುಖ್ಯವಾದ ಪ್ರಶ್ನೆ. ಇಲ್ಲಿ ಓಣಿಗೊಂದು ಪತ್ತಿನ ಸಂಘವಿದೆ, ಸೌಹಾರ್ದ ಸಹಕಾರಿ ಸಂಘವಿದೆ. ದಿನದ ಉಳಿತಾಯದ ಪಿಗ್ಮಿ ತುಂಬಿಸಿಕೊಳ್ಳಲು ಮನೆ ಬಾಗಿಲಿಗೇ ಬರುವವನು ಹೆಚ್ಚಾಗಿ ಪರಿಚಯದವನೇ ಆಗಿರುತ್ತಾನೆ. ಬಡ್ಡಿಯೂ ಬ್ಯಾಂಕಿಗಿಂತ ಒಂದೆರಡು ಶೇಕಡಾ ಹೆಚ್ಚು. ಇವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಖಂಡಿತ ಇವೆ. ಆದರೆ ಬ್ಯಾಂಕ್ ಮುಳುಗಿದರೆ ಠೇವಣಿದಾರನಿಗೆ ಒಂದು ಬ್ಯಾಂಕಿಗೆ 5 ಲಕ್ಷ ರೂಪಾಯಿವರೆಗೆ, ಬಡ್ಡಿಯೂ ಸೇರಿ, ಠೇವಣಿ ವಿಮೆಯ ರಕ್ಷಣೆಯಿದೆ. 2020ರ ಫೆಬ್ರವರಿಯಿಂದ ಈ ಮಿತಿ ಜಾರಿಯಲ್ಲಿದೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಂಘಗಳಿಗೂ ಅನ್ವಯಿಸುವುದಿಲ್ಲ. ಹೆಸರಿನಲ್ಲಿ 'ಸಹಕಾರಿ' ಎಂದಿದ್ದ ಮಾತ್ರಕ್ಕೆ ಅದು ಬ್ಯಾಂಕ್ ಆಗುವುದಿಲ್ಲ. ದಿನಕ್ಕೆ ಐವತ್ತು, ನೂರು ಪಿಗ್ಮಿ ಕಟ್ಟುವುದು ಉಳಿತಾಯದ ಅಭ್ಯಾಸಕ್ಕೆ ಒಳ್ಳೆಯದೇ, ಕಟ್ಟು. ಆಪತ್ಕಾಲದ ಹಣ ಮಾತ್ರ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ. ಗೆಳತಿಯರು ಭಿಶಿಗೆ, ಅಂದರೆ ತಿಂಗಳಿಗಿಷ್ಟೆಂದು ಎಲ್ಲರೂ ಹಾಕಿ ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಚೀಟಿಗೆ, ಕರೆದರೆ, ನಿನ್ನ ಸರದಿ ಬರುವ ಮೊದಲೇ ಒಂದು ತಿಂಗಳ ಕಂತು ತಪ್ಪಿಸಬೇಕಾಗಿ ಬರುವ ಆದಾಯ ನಿನ್ನದು ಎಂಬುದನ್ನು ನೆನಪಿಟ್ಟು, ವಿನಯದಿಂದ ಬೇಡವೆನ್ನು.

ಈಗ ಆರೋಗ್ಯ ವಿಮೆಯ ಮಾತು. 'ಈಗ ಮೂವತ್ತು ದಾಟಿಲ್ಲ, ಆರಾಮ ಇದ್ದೇನೆ, ಆದಾಯ ಸ್ವಲ್ಪ ಸ್ಥಿರವಾದ ಮೇಲೆ ನೋಡಿದರಾಯಿತು' ಎಂದು ನೀನು ಯೋಚಿಸಬಹುದು. ಈ ಯೋಚನೆ ತಲೆಕೆಳಗಾದದ್ದು. ಪಾಲಿಸಿ ಕೊಂಡ ದಿನದಿಂದ ಕಾಯುವ ಅವಧಿ ಶುರುವಾಗುತ್ತದೆ. ಮೊದಲ 30 ದಿನ ಅಪಘಾತವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಹಣ ಬರುವುದಿಲ್ಲ. ಹರ್ನಿಯಾ, ಕಣ್ಣಿನ ಪೊರೆ, ಮೂತ್ರಪಿಂಡದ ಕಲ್ಲು, ಗರ್ಭಕೋಶದ ಶಸ್ತ್ರಚಿಕಿತ್ಸೆಯಂಥವುಗಳಿಗೆ ಸಾಮಾನ್ಯವಾಗಿ 2 ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು 4 ವರ್ಷ ಕಾಯಿಸಬಹುದಿತ್ತು. 2024ರ ಏಪ್ರಿಲ್‌ನಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ಗರಿಷ್ಠ 3 ವರ್ಷಕ್ಕೆ ಇಳಿಸಿದೆ. ಅಂದರೆ ಇಂದು ಕೊಂಡ ಪಾಲಿಸಿಯ ಪೂರ್ಣ ಪ್ರಯೋಜನ ಸಿಗುವುದು ಮೂರು ವರ್ಷದ ಆಚೆ. ಆರೋಗ್ಯವಾಗಿರುವಾಗ ಕೊಂಡವಳಿಗೆ ಮಾತ್ರ ಈ ಕಾಯುವಿಕೆ ಭಾರವಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿಯನ್ನೂ ತೆಗೆದಿದ್ದಾರೆ.

ಕಂತು ಕಟ್ಟುವ ರೀತಿಯಲ್ಲಿ ನಮ್ಮಂಥವರು ವಿಶೇಷ ಎಚ್ಚರ ವಹಿಸಬೇಕು. 'ತಿಂಗಳು ತಿಂಗಳು ಕಟ್ಟಿರಿ, ಹೊರೆ ಆಗೋದಿಲ್ಲ' ಎಂದು ಏಜೆಂಟರು ಹೇಳುತ್ತಾರೆ. ಸಂಬಳದವರಿಗೆ ಅದು ಸರಿ. ನಿನಗೆ ಒಂದು ತಿಂಗಳು ಹಣ ಬಾರದೆ, ಮಾಸಿಕ ಕಂತಿಗಿರುವ 15 ದಿನಗಳ ಹೆಚ್ಚುವರಿ ಗಡುವೂ ದಾಟಿದರೆ, ಪಾಲಿಸಿ ರದ್ದಾಗಿ ವರ್ಷಗಟ್ಟಲೆ ಸವೆಸಿದ ಕಾಯುವ ಅವಧಿಯೆಲ್ಲ ವ್ಯರ್ಥವಾಗುತ್ತದೆ. ವಾರ್ಷಿಕವಾಗಿಯೇ ಕಟ್ಟು. ಅದಕ್ಕೂ ಮಿಗಿಲಾಗಿ, ಪಾಲಿಸಿ ಆರಂಭವಾಗುವ ತಿಂಗಳನ್ನು ನಿನ್ನ ವಹಿ ನೋಡಿ ಆರಿಸು. ವಿಶೇಷಾಂಕಗಳ ಹಣ ಜನವರಿ, ಫೆಬ್ರವರಿಯಲ್ಲಿ ಜಮೆಯಾಗುವುದಾದರೆ ಪಾಲಿಸಿಯೂ ಫೆಬ್ರವರಿಯ ಕೊನೆಯಲ್ಲಿ ಶುರುವಾಗಲಿ. ಆಗ ಪ್ರತಿ ವರ್ಷ ನವೀಕರಣದ ದಿನ ಕೈಯಲ್ಲಿ ಹಣವಿರುತ್ತದೆ. ವಾರ್ಷಿಕ ಕಂತಿಗೆ 30 ದಿನಗಳ ಹೆಚ್ಚುವರಿ ಗಡುವಿದೆ. ಆದರೆ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ರಕ್ಷಣೆ ಇರುವುದಿಲ್ಲ, ಆದ್ದರಿಂದ ಅದರ ಮೇಲೆ ಭರವಸೆ ಇಡಬೇಡ.

ಅರ್ಜಿಯನ್ನು ನೀನೇ ತುಂಬು. ಥೈರಾಯ್ಡ್ ಮಾತ್ರೆ ನಡೆದಿದೆ ಎಂದು ನೀನೇ ಹಿಂದೊಮ್ಮೆ ಹೇಳಿದ್ದೆ, ಅದನ್ನು ಬರೆಯಲೇಬೇಕು. 'ಇಲ್ಲ ಅಂತ ಹಾಕ್ರಿ, ಕಂತು ಕಡಿಮೆ ಆಗತೈತಿ' ಎನ್ನುವವರು ಹಣ ಬೇಕಾದ ದಿನ ನಿನ್ನ ಜೊತೆ ನಿಲ್ಲುವುದಿಲ್ಲ. ಮುಚ್ಚಿಟ್ಟ ಒಂದು ಕಾಯಿಲೆಯ ನೆಪದಲ್ಲಿ ಕಂಪನಿ ಇಡೀ ಕ್ಲೇಮನ್ನೇ ತಳ್ಳಿಹಾಕಬಲ್ಲದು. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ ಮಾತ್ರ, ವಂಚನೆಯೆಂದು ಸಾಬೀತುಪಡಿಸದ ಹೊರತು, ಅದು ಹಾಗೆ ಪ್ರಶ್ನಿಸುವಂತಿಲ್ಲ. ಪಾಲಿಸಿಯ ಪ್ರತಿ ಕೈಗೆ ಬಂದ ಮೇಲೆ ಓದಿ, ಒಪ್ಪಿಗೆಯಾಗದಿದ್ದರೆ ಮರಳಿಸಲು 30 ದಿನಗಳಿವೆ. ಕಥೆಯ ಕರಡನ್ನು ಓದುವಷ್ಟೇ ಶ್ರದ್ಧೆಯಿಂದ ಅದನ್ನು ಓದು.

ಓದುವಾಗ ಕೊಠಡಿ ಬಾಡಿಗೆಯ ಷರತ್ತನ್ನು ಮುಖ್ಯವಾಗಿ ಹುಡುಕು. ನಮ್ಮ ಜನ ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1, ಅಂದರೆ 3,000 ರೂಪಾಯಿಯ ಮಿತಿ ಇದೆ, ನೀನು 6,000ದ ಕೊಠಡಿ ಹಿಡಿದೆ ಎನ್ನೋಣ. ಕಂಪನಿ ಕೊಠಡಿಯ ಬಾಡಿಗೆಯಲ್ಲಿ ಅರ್ಧ ಕೊಟ್ಟು ಸುಮ್ಮನಾಗುವುದಿಲ್ಲ. ಶಸ್ತ್ರಚಿಕಿತ್ಸಕರ ಶುಲ್ಕ, ಆಪರೇಷನ್ ಥಿಯೇಟರ್, ನರ್ಸಿಂಗ್ ಖರ್ಚುಗಳನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಸುತ್ತದೆ. ಅವು 80,000 ಆಗಿದ್ದರೆ 40,000 ನಿನ್ನ ಕೈಯಿಂದ ಹೋಯಿತು. ಔಷಧಿ, ತಪಾಸಣೆ, ದೇಹದೊಳಗೆ ಹಾಕುವ ಸಾಧನಗಳಿಗೆ ಈ ಕಡಿತ ಬರದು, ಅಷ್ಟೇ ಸಮಾಧಾನ. ಆದ್ದರಿಂದ ಬಾಡಿಗೆಯ ಮಿತಿಯಿಲ್ಲದ ಪಾಲಿಸಿ ನೋಡು. ಸಾಧ್ಯವಾಗದಿದ್ದರೆ ಬೇರೆ ಬೇರೆ ಕಂಪನಿಗಳು ಒಂದೇ ಷರತ್ತಿನಲ್ಲಿ ಮಾರುವ 'ಆರೋಗ್ಯ ಸಂಜೀವಿನಿ' ಇದೆ. ಅದರಲ್ಲಿ ಬಿಲ್ಲಿನ ಶೇ. 5 ನಿನ್ನ ಪಾಲು, ಕೊಠಡಿಗೆ ವಿಮಾ ಮೊತ್ತದ ಶೇ. 2, ದಿನಕ್ಕೆ ಹೆಚ್ಚೆಂದರೆ 5,000 ರೂಪಾಯಿ. ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು.

ನಗದುರಹಿತ ಚಿಕಿತ್ಸೆಯ ಆಸ್ಪತ್ರೆಗಳ ಪಟ್ಟಿ ನೋಡುವಾಗ ಬೆಂಗಳೂರಿನ ದೊಡ್ಡ ಹೆಸರುಗಳನ್ನು ಎಣಿಸಬೇಡ. ಜಮಖಂಡಿಯವರು ರಾತ್ರಿ ಹೊತ್ತು ಗಾಡಿ ಮಾಡಿಕೊಂಡು ಹೋಗುವುದು ಬಾಗಲಕೋಟೆಗೆ, ವಿಜಯಪುರಕ್ಕೆ, ಬೆಳಗಾವಿಗೆ. ಅನೇಕ ಸಲ ಗಡಿ ದಾಟಿ ಮಿರಜಿಗೆ, ಸೊಲ್ಲಾಪುರಕ್ಕೆ. ನೀವು ನಿಜವಾಗಿ ಹೋಗುವ ಆಸ್ಪತ್ರೆಗಳು ಆ ಪಟ್ಟಿಯಲ್ಲಿವೆಯೇ ಎಂದು ಆಸ್ಪತ್ರೆಗೇ ಫೋನ್ ಮಾಡಿ ಕೇಳು. ಕ್ಲೇಮನ್ನು ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡು. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಬರೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ತಾಯಿಯವರ ವಿಚಾರ ಬೇರೆ. ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ನಿನ್ನ ಪಾಲಿಸಿಯಲ್ಲಿ ಅವರನ್ನು ಸೇರಿಸಬೇಡ. ಅಂಥ ಕುಟುಂಬ ಪಾಲಿಸಿಯ ಕಂತನ್ನು ಹಿರಿಯರ ವಯಸ್ಸಿನ ಮೇಲೆ ಲೆಕ್ಕ ಹಾಕುತ್ತಾರೆ. ಅವರಿಗೆ ಸರ್ಕಾರದ ದಾರಿಗಳಿವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಯೋಜನೆಯ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಖಾಸಗಿ ಆಸ್ಪತ್ರೆಗೆ ಶಿಫಾರಸು ಪತ್ರ ಕೊಡುತ್ತಾರೆ. ತುರ್ತು ಸ್ಥಿತಿಯಲ್ಲಿ ಮಾತ್ರ ಈ ಪತ್ರ ಬೇಡ. ಇನ್ನೊಂದು ದಾರಿ ಯಶಸ್ವಿನಿ. 2018ರಲ್ಲಿ ನಿಂತಿದ್ದ ಆ ಯೋಜನೆ ಈಗ ಮತ್ತೆ ನಡೆಯುತ್ತಿದೆ. ಸಹಕಾರ ಸಂಘದ ಸದಸ್ಯರ ಕುಟುಂಬಕ್ಕೆ 5 ಲಕ್ಷದವರೆಗೆ ರಕ್ಷಣೆ; ಮತ್ತೆ ಆರಂಭವಾದಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ 500 ರೂಪಾಯಿ ವಂತಿಗೆ ನಿಗದಿ ಮಾಡಿದ್ದರು. ನಿಮ್ಮಣ್ಣ ಹಾಲಿನ ಸಂಘದ ಸದಸ್ಯನಲ್ಲವೇ? ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ. ಸಂಘದ ಕಾರ್ಯದರ್ಶಿಯನ್ನು ಈಗಲೇ ಕೇಳಿ, ಕುಟುಂಬದ ಪಟ್ಟಿಯಲ್ಲಿ ತಾಯಿಯ ಹೆಸರು ಬರೆಸಲಿ. ಈ ಯೋಜನೆಗಳು ದಿನನಿತ್ಯದ ಮಾತ್ರೆಯ ಖರ್ಚು ಕೊಡುವುದಿಲ್ಲ. ಅದು ನಿನ್ನ ತಿಂಗಳ ಲೆಕ್ಕದಲ್ಲಿಯೇ ಇರಬೇಕು. ಜನೌಷಧಿ ಕೇಂದ್ರದಲ್ಲಿ ಕೊಂಡರೆ ಆ ಖರ್ಚು ಬಹಳಷ್ಟು ಇಳಿಯುತ್ತದೆ.

ಉಳಿದವನ್ನು ಬೇಗ ಹೇಳುತ್ತೇನೆ. ನಿನ್ನ ಬ್ಯಾಂಕಿನಲ್ಲಿಯೇ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ ಸಿಗುತ್ತವೆ. ಎರಡೂ ಜೂನ್ 1ಕ್ಕೆ ನವೀಕರಣವಾಗುತ್ತವೆ, ಮೇ ಕೊನೆಗೆ ಖಾತೆಯಲ್ಲಿ ಅಷ್ಟು ಹಣವಿರಲಿ. ಸಂಸ್ಥೆಗಳು ನಿನ್ನ ಸಂಭಾವನೆಯಲ್ಲಿ ಶೇ. 10 ತೆರಿಗೆ ಮುರಿದುಕೊಂಡಿದ್ದರೆ ಅದು ಕಳೆದುಹೋದ ಹಣವಲ್ಲ. ತೆರಿಗೆ ಬೀಳದಷ್ಟು ಆದಾಯವಿದ್ದರೂ ರಿಟರ್ನ್ ಸಲ್ಲಿಸಿದರೆ ಅಷ್ಟೂ ಮರಳಿ ಬರುತ್ತದೆ. ಪಾನ್ ಸಂಖ್ಯೆ ಕೊಡದಿದ್ದರೆ ಶೇ. 20 ಮುರಿಯುತ್ತಾರೆ, ಆದ್ದರಿಂದ ಪ್ರತಿ ಬಿಲ್ಲಿನಲ್ಲೂ ಅದನ್ನು ಬರೆ. ವೃದ್ಧಾಪ್ಯಕ್ಕೆಂದು ಅಂಚೆ ಕಚೇರಿಯಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆ: ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ಅದು ಜೀವಂತ, ಕೈತುಂಬ ಹಣ ಬಂದ ವರ್ಷ 1.5 ಲಕ್ಷದವರೆಗೂ ಕಟ್ಟಬಹುದು. ನಮ್ಮ ಆದಾಯದ ಏರಿಳಿತಕ್ಕೆ ಇಷ್ಟು ಒಗ್ಗುವ ಉಳಿತಾಯವನ್ನು ನಾನು ಬೇರೆ ಕಂಡಿಲ್ಲ. ಆದರೆ ವಿಮೆ, ಆಪತ್ಕಾಲದ ನಿಧಿ ಇವೆರಡೂ ಆದ ಮೇಲಷ್ಟೇ ಅದಕ್ಕೆ ಕೈಹಾಕು.

ಪಾಲಿಸಿಯ ಒಂದು ಪ್ರತಿ, ಸಹಾಯವಾಣಿಯ ಸಂಖ್ಯೆ ಮತ್ತು ನಿನಗೆ ಬರಬೇಕಾದ ಬಾಕಿಗಳ ಪಟ್ಟಿ ಅಣ್ಣನ ಕೈಯಲ್ಲೂ ಇರಲಿ. ಆಸ್ಪತ್ರೆಯಲ್ಲಿ ಮಲಗಿದವಳು ಫೈಲು ಹುಡುಕಲಾರಳು. ನಿಮ್ಮದು ಬಿಪಿಎಲ್ ಕಾರ್ಡೋ ಎಪಿಎಲ್ ಕಾರ್ಡೋ, ಅದರಲ್ಲಿ ತಾಯಿಯ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೋ ಇಲ್ಲವೋ ಎಂಬುದನ್ನು ನೋಡಿ ಬರೆ. ಹೆಸರಿನ ಅಕ್ಷರ ಹೆಚ್ಚುಕಡಿಮೆಯಾಗಿದ್ದರೆ ಮೊದಲು ಅದನ್ನು ತಿದ್ದಿಸಬೇಕಾಗುತ್ತದೆ.

ನಿನ್ನ ಅಕ್ಕ