ಕೊಯ್ಲಿನ ಹೊತ್ತಿನ ತಾಲೀಮು

ಬಂಧುಗಳೇ,

ಹೋದ ಕಾರ್ತಿಕದಲ್ಲಿ ಮೂರು ವಾರ ಊರಲ್ಲಿದ್ದೆ. ನಮ್ಮೂರು ಹಾಸನ ಜಿಲ್ಲೆಯ ಅರಸೀಕೆರೆ ಹತ್ತಿರ. ರಾಗಿ ಕೊಯ್ಲಿಗೆ ಬಂದಿತ್ತು. ಕಡೇ ಕಾರ್ತಿಕ ಸೋಮವಾರ ದೇವಸ್ಥಾನದಲ್ಲಿ ದೀಪ ಹಚ್ಚಿ, ಆ ರಾತ್ರಿ ನಮ್ಮ ಕಡೆಯ ಯಕ್ಷಗಾನವಾದ ಮೂಡಲಪಾಯ ಆಡೋದು ಅಂತ ಊರಿನವರು ತೀರ್ಮಾನ ಮಾಡಿದ್ದರು. ಪ್ರಸಂಗ, ಅಂದರೆ ಆಡುವ ಕಥೆ, ಕರಿಭಂಟನ ಕಾಳಗ.

ಯಕ್ಷಗಾನ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಕರಾವಳಿಯ ಚೆಂಡೆ ನೆನಪಾಗುತ್ತದೆ. ಹಾಸನ, ತುಮಕೂರು, ಮಂಡ್ಯದ ಕಡೆಯ ಮೂಡಲಪಾಯದ ದನಿಯೇ ಬೇರೆ. ಪದ ಹಾಡುವ ಭಾಗವತರ ತಾಳ, ಮದ್ದಳೆ, ಜೊತೆಗೆ ಊದುವ ಮುಖವೀಣೆ. ನೋಡೋಕೆ ಪುಟ್ಟ ನಾಗಸ್ವರದ ಹಾಗಿರುತ್ತದೆ, ಆದರೆ ಅದರ ದನಿ ಊರಾಚೆ ಕಣದಲ್ಲಿ ಮಲಗಿದವರನ್ನೂ ಎಬ್ಬಿಸುತ್ತದೆ. ಮೈಕ್ ಇಲ್ಲದ ಕಾಲದ ಆಟ ಇದು; ಪಾತ್ರ ಹಾಕಿದವರು ಆ ಎತ್ತರಕ್ಕೆ ದನಿ ಏರಿಸಲೇಬೇಕು. ಈಗ ಮುಖವೀಣೆ ನುಡಿಸುವವರು ಸಿಗೋದು ಕಷ್ಟ. ಎಷ್ಟೋ ಕಡೆ ಅದರ ಜಾಗಕ್ಕೆ ಹಾರ್ಮೋನಿಯಂ ಬಂದಿದೆ. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಅವರಂಥವರು ಈ ಆಟಕ್ಕಾಗಿ ಹಳ್ಳಿ ಹಳ್ಳಿ ಸುತ್ತದೇ ಹೋಗಿದ್ದರೆ, ಹೊರಗಿನವರಿಗೆ ಇದರ ಹೆಸರೂ ಗೊತ್ತಾಗುತ್ತಿರಲಿಲ್ಲವೇನೋ.

ತಾಲೀಮು ರಾತ್ರಿ ಊಟ ಮುಗಿದ ಮೇಲೆ, ಶಾಲೆಯ ಜಗುಲಿಯಲ್ಲಿ. ಕರಿಭಂಟನ ಪಾತ್ರ ನಮ್ಮ ಚಿಕ್ಕಪ್ಪನ ಮಗನದು. ಹಗಲೆಲ್ಲ ರಾಗಿ ಕೊಯ್ದು ಬಂದಿದ್ದ. ಎಡಗೈ ಬೆರಳಿಗೆ ಬಟ್ಟೆ ಸುತ್ತಿತ್ತು, ಕುಡುಗೋಲು ತಾಗಿತ್ತಂತೆ. ಕತ್ತಿ ಬದಲು ಜೋಳದ ದಂಟು ಹಿಡಿದು ಕುಣಿಯುತ್ತಿದ್ದ. ಒಂದು ಕಡೆ ಪದ ಎತ್ತಿಕೊಳ್ಳುವಾಗ ಹೆಜ್ಜೆ ತಪ್ಪಿತು. ಭಾಗವತರು ತಾಳ ನಿಲ್ಲಿಸಿದರು. "ಕಾಲು ನೋಡ್ಬೇಡ ಮಗಾ. ಮದ್ದಳೆ ಕೇಳಿಸ್ಕೋ, ಕಾಲು ತಾನಾಗೇ ಬರ್ತದೆ" ಅಂದರು. ಮತ್ತೆ ಮೊದಲಿಂದ. ಮತ್ತೆ ತಪ್ಪು. ನಾನು ಎಣಿಸುತ್ತಾ ಕೂತಿದ್ದೆ, 11 ಸಲ ಆಯಿತು. ಅವರು ದನಿ ಎತ್ತಲಿಲ್ಲ, ಇವನು ಬೇಸರ ಮಾಡಿಕೊಳ್ಳಲಿಲ್ಲ. ಸುತ್ತ ಕೂತಿದ್ದ ಹೆಂಗಸರು, ಮಕ್ಕಳು ಯಾರೂ ಎದ್ದು ಹೋಗಲಿಲ್ಲ. 12ನೇ ಸಲ ಹೆಜ್ಜೆ ಕೂತಿತು. ಭಾಗವತರು ಏನೂ ಹೇಳದೆ ಮುಂದಿನ ಪದ ಶುರು ಮಾಡಿದರು. ಮೂಲೆಯಲ್ಲಿದ್ದ ಎಂಟು ವರ್ಷದ ಹುಡುಗ ಅದೇ ಹೆಜ್ಜೆಯನ್ನು ಸುಮ್ನೆ ತನ್ನ ಪಾಡಿಗೆ ಹಾಕುತ್ತಿದ್ದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಟದ ದಿನ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ತೆರೆಯ ಹಿಂದೆ ನಿಂತಾಗ ಚಿಕ್ಕಪ್ಪನ ಮಗನ ಗುರುತೇ ಸಿಗಲಿಲ್ಲ. ಬೆರಳಿನ ಬಟ್ಟೆ ಮಾತ್ರ ಹಾಗೇ ಇತ್ತು. ಬೆಳಗಿನ ಜಾವ ಮಂಗಳ ಹಾಡಿದರು. ಬಣ್ಣ ತೊಳೆದು, ಒಂದು ಲೋಟ ಕಾಫಿ ಕುಡಿದು ಅವನು ಹೊಲಕ್ಕೆ ಹೋದ. ಕಿವಿಯ ಹಿಂದೆ ಕೆಂಪು ಇನ್ನೂ ಅಂಟಿತ್ತು.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಇದೆ. ಈ ಶರತ್ಕಾಲದಲ್ಲಿ, ಊರಿಂದ ದೂರ ಇಲ್ಲಿ ನಾವು ಮಾಡುವ ಸುಗ್ಗಿ ಹಬ್ಬಕ್ಕೆ ಅದೇ ಪ್ರಸಂಗದ ಒಂದು ಭಾಗ ಆಡುತ್ತಿದ್ದೇವೆ. ಹೋದ ವರ್ಷ ಧ್ವನಿಮುದ್ರಣ ಹಾಕಿ ಕುಣಿದೆವು. ನಡುವೆ ಒಬ್ಬ ಹುಡುಗಿ ಮಾತು ಮರೆತಳು. ಹಾಡು ಅವಳಿಗಾಗಿ ಕಾಯಲಿಲ್ಲ, ಮುಂದೆ ಹೋಗಿಬಿಟ್ಟಿತು. ಅವಳು ಅಲ್ಲೇ ನಿಂತಳು. ಎದುರಿಗೆ ಭಾಗವತರು ಇದ್ದಿದ್ದರೆ ಅದೇ ಪದವನ್ನು ಇನ್ನೊಂದು ಸಲ ಹಾಡಿ ಅವಳನ್ನು ಕರೆದುಕೊಂಡು ಬರುತ್ತಿದ್ದರು, ಅಲ್ವಾ? ಆ ತಪ್ಪು ಅವಳದಲ್ಲ, ನಮ್ಮದು.

ಈ ಸಲ ಧ್ವನಿಮುದ್ರಣ ಬೇಡ ಅಂತ ನಾನು ಸಮಿತಿಯಲ್ಲಿ ಹಟ ಹಿಡಿದೆ. ಮೃದಂಗ ಬಲ್ಲವರೊಬ್ಬರು ಮದ್ದಳೆಯ ಪಾಠ ಕಲಿಯುತ್ತಿದ್ದಾರೆ. ಮುಖವೀಣೆ ಸಿಗಲಿಲ್ಲ, ಹಾರ್ಮೋನಿಯಂ ಇಟ್ಟುಕೊಂಡಿದ್ದೇವೆ. ಊರಿನ ಭಾಗವತರು ಪದಗಳನ್ನು ಫೋನಿನಲ್ಲಿ ಹಾಡಿ ತೋರಿಸುತ್ತೇನೆ ಅಂದಿದ್ದಾರೆ. ಪಾತ್ರ ಇಲ್ಲದವರೂ ತಾಲೀಮಿಗೆ ಬನ್ನಿ, ಮಕ್ಕಳನ್ನು ಕರೆತನ್ನಿ. ಅವರು ಮೂಲೆಯಲ್ಲಿ ಆಡಿಕೊಂಡಿರಲಿ, ಗದರಬೇಡಿ.

ಪ್ರತಿ ಶನಿವಾರ ಸಂಜೆ 6ಕ್ಕೆ, ನಮ್ಮ ಮನೆಯಲ್ಲಿ. ಊಟಕ್ಕೆ ಮುದ್ದೆ, ಉಪ್ಸಾರು.